ಮನೆಗೆ ಹೊಸ ರೂಟರು: ತಂತಿ ಮೊದಲು, ಗಾಳಿ ಆಮೇಲೆ

ನಮ್ಮ ಸದಸ್ಯ ಬೆಳೆಗಾರರು ಈಚೆಗೆ ಸಂಘದ ಕಚೇರಿಗೆ ಬಂದಾಗಲೆಲ್ಲ ಅಡಿಕೆಯ ಧಾರಣೆ, ಬೋರ್ಡೋ ದ್ರಾವಣ, ಕಾಫಿಯ ಕಾಂಡಕೊರಕ ಇವುಗಳ ಜೊತೆಗೆ ಇನ್ನೊಂದು ಮಾತನ್ನೂ ಎತ್ತುತ್ತಿದ್ದಾರೆ. ಮನೆಗೆ ಫೈಬರ್ ಲೈನು ಬಂದಿದೆ, ರೂಟರು ಎಂಬ ಪೆಟ್ಟಿಗೆಯನ್ನೂ ಗೋಡೆಗೆ ಹೊಡೆದು ಹೋಗಿದ್ದಾರೆ. ಆದರೆ ಜಗಲಿಯಲ್ಲಿ ಸಿಗುವ ಇಂಟರ್ನೆಟ್ಟು ಒಳಕೋಣೆಗೆ ಸಿಗುವುದಿಲ್ಲ, ತಿಂಗಳ ಬಿಲ್ಲು ಮಾತ್ರ ತಪ್ಪದೆ ಬರುತ್ತದೆ ಎಂಬುದೇ ಆ ಮಾತು. ಇದನ್ನು ಸಣ್ಣ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಪಹಣಿ, ಬೆಳೆ ವಿಮೆ, ಬ್ಯಾಂಕಿನ ವ್ಯವಹಾರ, ಮಾರುಕಟ್ಟೆಯ ಧಾರಣೆ, ಮಕ್ಕಳ ಪರೀಕ್ಷೆಯ ಅರ್ಜಿ ಎಲ್ಲವೂ ಈಗ ಈ ದಾರಿಯಲ್ಲೇ ಬರುತ್ತಿವೆ. 2020-21ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ, ಮಳೆಯಲ್ಲಿ ಕೊಡೆ ಹಿಡಿದು ಪಾಠ ಕೇಳಿದ್ದನ್ನು ನಾವಾರೂ ಮರೆತಿಲ್ಲ. ಈಗ ಲೈನು ಮನೆಯ ಸೂರಿನವರೆಗೆ ಬಂದ ಮೇಲೂ ಮಕ್ಕಳು ಪುಸ್ತಕ ಹಿಡಿದು ಅಂಗಳದ ಮೂಲೆಗೆ ಹೋಗಿ ನಿಲ್ಲಬೇಕಾದರೆ ಕೊಟ್ಟ ಹಣಕ್ಕೆ ಅರ್ಥವೇನು?

ಈ ಕುರಿತು ತಿಳಿಯಲು ನಾವು ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲೂಕುಗಳ ಕೆಲವು ಮನೆಗಳನ್ನು ನೋಡಿಬಂದೆವು. ಅದು ಅಡಿಕೆ, ಕಾಫಿಯ ನಾಡಲ್ಲ. ಕಬ್ಬು, ಅರಿಶಿನ, ಮಗ್ಗಗಳ ನಾಡು. ಆದರೂ ಅಲ್ಲಿಗೇ ಹೋಗಲು ಕಾರಣವಿದೆ. ಅಲ್ಲಿಯ ಅನೇಕ ರೈತರು ನಮ್ಮ ಹಾಗೆಯೇ ಊರು ಬಿಟ್ಟು ತೋಟದ ಮನೆಗಳಲ್ಲಿ ವಾಸವಾಗಿದ್ದಾರೆ. ಗೋಡೆಗಳು ನಮ್ಮವುಗಳಂತೆಯೇ ದಪ್ಪ. ನಮ್ಮ ಮನೆಗೆ ಅಂಟಿಕೊಂಡು ಅಡಿಕೆ ಸುಲಿಯುವ ಚಾವಡಿ ಇರುವಂತೆ ಅಲ್ಲಿ ಮಗ್ಗದ ಮನೆ ಇದೆ. ಅವರಿಗೆ ಬಂದ ತೊಡಕುಗಳೇ ನಮಗೂ ಬಂದಿವೆ; ಅವರು ಕಂಡುಕೊಂಡ ಪರಿಹಾರಗಳು ನಮಗೂ ಒದಗುತ್ತವೆ.

ಹೊಳೆ ಬೇರೆ, ಕಾಲುವೆ ಬೇರೆ

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿ ಬ್ಯಾರೇಜಿನ ಹೆಸರನ್ನು ಸಹಕಾರಿ ಮನೋಭಾವದ ರೈತರು ಕೇಳಿಯೇ ಇರುತ್ತಾರೆ. ಮಳೆಗಾಲದಲ್ಲಿ ದಂಡೆ ತುಂಬಿ ಹರಿಯುವ ಕೃಷ್ಣೆಯ ನೀರು ಬೇಸಿಗೆಯಲ್ಲಿ ಬೆಳೆಗೆ ಸಿಗುತ್ತಿರಲಿಲ್ಲ. ಆಗ ಆ ದಂಡೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಒಂದುಗೂಡಿ, ತಾವೇ ಹಣ ಕೂಡಿಸಿ, ಶ್ರಮದಾನ ಮಾಡಿ 1989ರಲ್ಲಿ ಬ್ಯಾರೇಜು ಕಟ್ಟಿ ನಿಲ್ಲಿಸಿದರು. ಶ್ರಮಬಿಂದು ಸಾಗರ ಎಂಬುದು ಅದಕ್ಕೆ ಬಂದ ಹೆಸರು. ಆದರೆ ಹೊಳೆಯಲ್ಲಿ ನೀರು ನಿಂತ ಮಾತ್ರಕ್ಕೆ ಕಬ್ಬಿನ ಬುಡಕ್ಕೆ ನೀರು ಹೋಗುವುದಿಲ್ಲ. ಪಂಪು, ಪೈಪು, ಕಾಲುವೆ, ಮಡಿ ಇವನ್ನು ಹೊಲದ ಒಡೆಯನೇ ಮಾಡಿಕೊಳ್ಳಬೇಕು.

ಇಂಟರ್ನೆಟ್ಟಿನ ಹದವೂ ಹೀಗೆಯೇ. ಗ್ರಾಮ ಪಂಚಾಯತಿಗಳವರೆಗೆ ಗಾಜಿನ ಎಳೆಯ ತಂತಿಯನ್ನು ಒಯ್ಯುವ ಯೋಜನೆಗೆ ಕೇಂದ್ರ ಸರಕಾರ 2011ರಲ್ಲಿ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ಭಾರತ್‌ನೆಟ್ ಎನ್ನಿಸಿಕೊಂಡಿತು. ಇದರ ವಿಸ್ತರಣೆಗಾಗಿ 2023ರಲ್ಲಿ 1,39,579 ಕೋಟಿ ರೂಪಾಯಿಗಳ ಯೋಜನೆ ಮಂಜೂರಾಯಿತು. ಇದು ಹೊಳೆಯ ಕೆಲಸ. ಊರಿನಿಂದ ಕಂಬಗಳ ಮೇಲೆ ನಮ್ಮ ಸೂರಿನವರೆಗೆ ಲೈನು ಎಳೆಯುವುದು ಕಂಪನಿಯವರ ಕೆಲಸ. ಸೂರಿನಿಂದ ಒಳಕ್ಕೆ, ಕೋಣೆ ಕೋಣೆಗೆ ಹಂಚುವುದು ರೂಟರಿನ ಕೆಲಸ. ಅದನ್ನು ನೆಟ್ಟಗೆ ಕೂಡಿಸುವುದು ಮನೆಯವರ ಕೆಲಸ. ಬನಹಟ್ಟಿಯ ನೇಕಾರರೊಬ್ಬರು ನಮ್ಮೊಡನೆ ಹೇಳಿದ್ದು ಹೀಗೆ: "ಡಬ್ಬಿ ತಂದು ಹಚ್ಚಿ ಹ್ವಾದ್ರ್ರೀ, ದೀಪಾನೂ ಹತ್ತ್ಯಾವು. ಆದ್ರ ಮಗ್ಗದ ಮನಿಗೆ ಹ್ವಾದ್ರ ಏನೂ ಬರಂಗಿಲ್ರೀ." ಇಲ್ಲಿ ಹೊಳೆಯಲ್ಲಿ ನೀರಿತ್ತು, ಕಾಲುವೆ ಇರಲಿಲ್ಲ.

ಪೆಟ್ಟಿಗೆಯ ದೀಪ ಓದುವುದನ್ನು ಕಲಿಯಿರಿ

ಫೈಬರ್ ಎಂದರೆ ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಅದರೊಳಗೆ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಈ ಬೆಳಕನ್ನು ನಮ್ಮ ಯಂತ್ರಗಳು ಬಳಸುವ ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪೆಟ್ಟಿಗೆಗೆ ಓ.ಎನ್.ಟಿ. ಎನ್ನುತ್ತಾರೆ. ಬಂದ ಸಂಪರ್ಕವನ್ನು ಮನೆಯ ಹತ್ತಾರು ಯಂತ್ರಗಳಿಗೆ ಹಂಚುವ ಪೆಟ್ಟಿಗೆ ರೂಟರು. ಬಹಳ ಕಡೆ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಕೆಲವು ಕಡೆ ಬೇರೆ ಬೇರೆ. ನಿಮ್ಮಲ್ಲಿ ಯಾವ ಬಗೆಯೆಂಬುದನ್ನು ಲೈನು ಹಾಕುವ ದಿನವೇ ಕೇಳಿ ತಿಳಿಯತಕ್ಕದ್ದು. ಪೆಟ್ಟಿಗೆ ಕಂಪನಿಯದೋ ನಿಮ್ಮದೋ, ಠೇವಣಿ ಎಷ್ಟು, ರಶೀದಿ ಎಲ್ಲಿ, ಲೈನಿನ ಬಳಕೆದಾರ ಹೆಸರು ಮತ್ತು ಗುಪ್ತಪದ ಯಾವುವು ಎಂಬುದನ್ನು ಒಂದು ವಹಿಯಲ್ಲಿ ಬರೆಸಿಕೊಳ್ಳಿ. ಹಾಕಲು ಬಂದ ಹುಡುಗ ಆರು ತಿಂಗಳಲ್ಲಿ ಬೇರೆ ಊರಿಗೆ ಹೋಗಿರಬಹುದು. ವಹಿ ಮನೆಯಲ್ಲೇ ಇರುತ್ತದೆ.

ಪೆಟ್ಟಿಗೆಯ ಮುಂಭಾಗದಲ್ಲಿ ಸಾಲಾಗಿ ದೀಪಗಳಿವೆ. ಪಿ.ಓ.ಎನ್. ಎಂದು ಬರೆದ ದೀಪ ಅಲುಗದೆ ಉರಿಯುತ್ತಿದ್ದರೆ ಹೊರಗಿನಿಂದ ಬೆಳಕು ಸರಿಯಾಗಿ ಬರುತ್ತಿದೆಯೆಂದು ಅರ್ಥ. ಎಲ್.ಓ.ಎಸ್. ಎಂಬ ದೀಪ ಕೆಂಪಾದರೆ ಬೆಳಕು ಬರುತ್ತಿಲ್ಲ. ಎಳೆ ಎಲ್ಲೋ ತುಂಡಾಗಿದೆ ಇಲ್ಲವೆ ಬಿಗಿಯಾಗಿ ಮಡಚಿಕೊಂಡಿದೆ. ಆಗ ಮನೆಯೊಳಗೆ ಏನು ತಿರುವಿದರೂ ಪ್ರಯೋಜನವಿಲ್ಲ, ಕಂಪನಿಗೇ ದೂರು ಕೊಡಬೇಕು. ಪಿ.ಓ.ಎನ್. ಸರಿಯಿದ್ದು, ಕೆಂಪು ದೀಪವೂ ಇಲ್ಲದೆ, ಇಂಟರ್ನೆಟ್ಟು ಮಾತ್ರ ಬಾರದಿದ್ದರೆ ಲೈನಿನ ಹೆಸರು, ಗುಪ್ತಪದ ಅಥವಾ ಬಾಕಿ ಹಣದ ಕಡೆ ನೋಡಬೇಕು.

ಗಾಜಿನ ಎಳೆಯನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸುವುದು, ಮೊಳೆಗೆ ಗಂಟು ಹಾಕುವುದು ಕೂಡದು. ಮಿಕ್ಕಿದ ಉದ್ದವನ್ನು ಬಳೆಗಿಂತ ಕಿರಿದಾಗಿ ಸುತ್ತಬಾರದು. ಅದರ ತುದಿಯನ್ನು ಬೆರಳಿನಿಂದ ಮುಟ್ಟಬಾರದು. ಕಣ್ಣಿಗೆ ಹಿಡಿದು ನೋಡಲೂ ಬಾರದು. ಆ ಬೆಳಕು ಕಣ್ಣಿಗೆ ಕಾಣದಿದ್ದರೂ ಕಣ್ಣಿಗೆ ಅಪಾಯಕಾರಿ.

ಇನ್ನೊಂದು ಎಚ್ಚರಿಕೆ. ಪೆಟ್ಟಿಗೆಯ ಹಿಂದೆ ಸೂಜಿ ಹೋಗುವಷ್ಟು ಸಣ್ಣ ತೂತೊಂದಿದೆ. ಅದನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಪೆಟ್ಟಿಗೆ ತನ್ನಲ್ಲಿ ತುಂಬಿಸಿದ ಮಾಹಿತಿಯನ್ನೆಲ್ಲ ಮರೆತುಬಿಡುತ್ತದೆ. ಲೈನಿನ ಹೆಸರು, ಗುಪ್ತಪದಗಳೂ ಅದರೊಡನೆ ಹೋಗುತ್ತವೆ. ಸುಮ್ಮನೆ ಸ್ವಿಚ್ಚು ಆರಿಸಿ ಎರಡು ನಿಮಿಷ ಬಿಟ್ಟು ಹಾಕುವುದು ಬೇರೆ, ಈ ತೂತು ಒತ್ತುವುದು ಬೇರೆ. ಮೊದಲನೆಯದನ್ನು ಯಾರೂ ಮಾಡಬಹುದು. ಎರಡನೆಯದನ್ನು ವಹಿಯಲ್ಲಿ ಮಾಹಿತಿ ಇಲ್ಲದವರು ಮಾಡಬಾರದು.

ಕುಳಿತ ಯಂತ್ರಕ್ಕೆ ತಂತಿ, ಓಡಾಡುವ ಯಂತ್ರಕ್ಕೆ ಗಾಳಿ

ರಬಕವಿ-ಬನಹಟ್ಟಿಯ ನೇಕಾರ ಮನೆಗಳಲ್ಲಿ ನಾವು ಕಂಡ ಒಂದು ಒಳ್ಳೆಯ ಪದ್ಧತಿಯನ್ನು ಎಲ್ಲರೂ ಅನುಸರಿಸಬಹುದು. ಮುಂದಿನ ಪಡಸಾಲೆಯಲ್ಲಿ ರೂಟರು. ಹಿಂದೆ ಮಗ್ಗದ ಮನೆ. ಅದಕ್ಕೆ ತಗಡಿನ ಮಾಡು. ಸೀರೆಯ ಚಿತ್ರವನ್ನು ಗಿರಾಕಿಗೆ ಕಳಿಸುವುದು, ಆರ್ಡರು ಪಡೆಯುವುದು ಎಲ್ಲ ಈಗ ಇಂಟರ್ನೆಟ್ಟಿನಲ್ಲಿ. ಮೊದಲು ಪಡಸಾಲೆಯ ರೂಟರಿನಿಂದ ಮಗ್ಗದ ಮನೆಗೆ ವೈಫೈ ಹೋಗುತ್ತಿರಲಿಲ್ಲ. ಹೆಚ್ಚು ಬೆಲೆಯ ರೂಟರು ತಂದರೂ ಅಷ್ಟೇ. ಕಡೆಗೆ ಒಂದು ತಂತಿಯನ್ನು ಗೋಡೆಯ ಮಗ್ಗುಲಲ್ಲಿ ಹಿಂದಕ್ಕೆ ಒಯ್ದರು. ತೊಂದರೆ ತೀರಿತು.

ಈ ತಂತಿಗೆ ಲ್ಯಾನ್ ಕೇಬಲ್ ಎನ್ನುವರು. ಇದರ ಮೂಲ ಪದ್ಧತಿ 1973ರಲ್ಲಿ ಅಮೆರಿಕದ ಝೆರಾಕ್ಸ್ ಸಂಸ್ಥೆಯಲ್ಲಿ ರಾಬರ್ಟ್ ಮೆಟ್‌ಕಾಫ್ ಮತ್ತು ಅವರ ಜೊತೆಗಾರರ ಕೈಯಲ್ಲಿ ರೂಪುಗೊಂಡ ಈಥರ್ನೆಟ್. ನಮ್ಮ ಕ್ಯಾಂಪ್ಕೊ ಹುಟ್ಟಿದ ವರ್ಷವೂ ಅದೇ. ಅರ್ಧ ಶತಮಾನ ಕಳೆದರೂ ಈ ಪದ್ಧತಿ ಬಳಕೆಯಲ್ಲಿದೆಯೆಂದರೆ ಅದರ ಗಟ್ಟಿತನ ತಿಳಿಯುತ್ತದೆ. ಅಂಗಡಿಯಲ್ಲಿ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಕೇಳಿ, ತಾಮ್ರದ್ದೇ ಎಂದು ಖಚಿತಪಡಿಸಿಕೊಂಡು ಕೊಳ್ಳಿ; ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ ಮಾಡಿದ ಅಗ್ಗದ ತಂತಿಯೂ ಬರುತ್ತದೆ. ಒಳಗೆ ಎಂಟು ಎಳೆಗಳಿರುತ್ತವೆ. ತುದಿಯ ಕನೆಕ್ಟರಿಗೆ ಎಂಟೂ ಸರಿಯಾಗಿ ಕೂಡಿದರೆ ಸೆಕೆಂಡಿಗೆ 1000 ಮೆಗಾಬಿಟ್‌ವರೆಗೆ ಸಾಗುತ್ತದೆ. ನಾಲ್ಕು ಮಾತ್ರ ಕೂಡಿದರೆ 100ಕ್ಕೆ ನಿಲ್ಲುತ್ತದೆ. ಒಂದು ತಂತಿಯ ಓಟ 100 ಮೀಟರು ಮೀರಬಾರದು.

ರೂಟರಿನ ಹಿಂದಿರುವ ತೂತುಗಳಲ್ಲಿ ಒಂದರ ಬಣ್ಣ ಸಾಮಾನ್ಯವಾಗಿ ಬೇರೆಯಾಗಿರುತ್ತದೆ. ಅದರ ಮೇಲೆ ವ್ಯಾನ್ ಎಂದೋ ಇಂಟರ್ನೆಟ್ ಎಂದೋ ಬರೆದಿರುತ್ತದೆ. ಹೊರಗಿನಿಂದ ಬರುವ ತಂತಿ ಅಲ್ಲಿಗೆ. ಉಳಿದ ಲ್ಯಾನ್ ತೂತುಗಳು ಮನೆಯ ಒಳಕ್ಕೆ ಹೋಗುವ ತಂತಿಗಳಿಗೆ. ಇದನ್ನು ಅದಲು ಬದಲು ಮಾಡಿದರೆ ದೀಪವೆಲ್ಲ ಉರಿದರೂ ಕೆಲಸ ನಡೆಯುವುದಿಲ್ಲ.

ಹಾಗಾದರೆ ಯಾವುದಕ್ಕೆ ತಂತಿ? ಒಂದೇ ಜಾಗದಲ್ಲಿ ಕುಳಿತಿರುವ ಯಂತ್ರಗಳಿಗೆಲ್ಲ ತಂತಿ: ಟೇಬಲ್ಲಿನ ಕಂಪ್ಯೂಟರು, ಟಿ.ವಿ., ಅಡಿಕೆ ಒಣಗಿಸುವ ಅಂಗಳಕ್ಕೆ ಇಟ್ಟ ಕ್ಯಾಮರಾದ ಪೆಟ್ಟಿಗೆ. ಕೈಯಲ್ಲಿ ಹಿಡಿದು ಓಡಾಡುವ ಫೋನಿಗೆ ಮಾತ್ರ ವೈಫೈ. ಹೀಗೆ ಮಾಡಿದರೆ ಕೊಂಚ ತಂತಿಯ ಖರ್ಚಾಗುತ್ತದೆ ನಿಜ. ಆದರೆ ಗಾಳಿಯ ಮೇಲಿನ ಒತ್ತಡ ಇಳಿದು ಫೋನುಗಳಿಗೂ ಚೆನ್ನಾಗಿ ಸಿಗುತ್ತದೆ. ಒಂದೇ ಕಾಲುವೆಯಲ್ಲಿ ಹತ್ತು ಮಡಿಗೆ ನೀರು ಬಿಡುವುದಕ್ಕಿಂತ ದೊಡ್ಡ ಮಡಿಗೆ ಬೇರೆ ಪೈಪು ಹಾಕುವುದು ಲೇಸಲ್ಲವೇ?

ಪೆಟ್ಟಿಗೆ ಎಲ್ಲಿರಬೇಕು?

ಮುಧೋಳ ಸೀಮೆಯ ಹಳೆಯ ಮನೆಗಳು ಕಲ್ಲು ಮಣ್ಣಿನವು, ಮೇಲ್ಮುದ್ದೆಯವು. ಗೋಡೆ ಒಂದೂವರೆ ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ಒಳಗೆ ತಂಪು. ಆದರೆ ವೈಫೈ ಅಲೆಗಳಿಗೆ ಅಂಥ ಗೋಡೆ ದೊಡ್ಡ ತಡೆ. ನಮ್ಮ ಕೆಂಪುಕಲ್ಲಿನ ಗೋಡೆಗಳೂ ಇದೇ ಜಾತಿ. ಮಳೆಗಾಲದಲ್ಲಿ ನೀರು ಕುಡಿದ ಮೇಲೆ ಅವು ಇನ್ನಷ್ಟು ತಡೆಯುತ್ತವೆ. ಕಬ್ಬಿಣದ ಸರಳಿರುವ ತಾರಸಿ, ತಗಡಿನ ಹಾಳೆ, ದೊಡ್ಡ ಕನ್ನಡಿ, ನೀರಿನ ಟ್ಯಾಂಕು, ಉಕ್ಕಿನ ಕಪಾಟು ಇವೆಲ್ಲವೂ ಅಲೆಗಳಿಗೆ ಅಡ್ಡಿಯೇ.

ಲೈನು ಹಾಕುವವರು ತಮಗೆ ಅನುಕೂಲವಾದ ಕಡೆ, ಎಂದರೆ ಬಾಗಿಲ ಪಕ್ಕದ ಮೊದಲ ಸ್ವಿಚ್ಚಿನ ಬಳಿ ಪೆಟ್ಟಿಗೆ ಇಟ್ಟುಬಿಡುತ್ತಾರೆ. ಮನೆಯ ಅರ್ಧ ಅಲೆ ಆಗ ಅಂಗಳದ ಪಾಲು. ಮುಧೋಳದ ತೋಟದ ಮನೆಯೊಂದರಲ್ಲಿ ಪೆಟ್ಟಿಗೆಯನ್ನು ತಿಜೋರಿಯ ಹಿಂದೆ ಇಟ್ಟಿದ್ದರು, ಕಳುವಾಗಬಾರದೆಂದು. ಅದನ್ನು ಹತ್ತು ಮಾರು ಈಚೆಗೆ, ನಡುಮನೆಯ ಬಾಗಿಲಿನ ನೇರಕ್ಕೆ ತಂದು ಎದೆಯೆತ್ತರದ ಗೂಡಿನಲ್ಲಿಟ್ಟ ಮೇಲೆ ಹಿತ್ತಲ ಕೋಣೆಗೂ ಸಿಗತೊಡಗಿತು. ಖರ್ಚು ಆದದ್ದು ತಂತಿಯದಷ್ಟೆ. ಆದುದರಿಂದ ಲೈನು ಬರುವ ಮೊದಲೇ ಮನೆಯವರೆಲ್ಲ ಕೂಡಿ ಪೆಟ್ಟಿಗೆಯ ಜಾಗ ಗೊತ್ತುಮಾಡಬೇಕು. ಮನೆಯ ನಡುಭಾಗ, ಎದೆಯೆತ್ತರ ಅಥವಾ ಅದಕ್ಕಿಂತ ತುಸು ಮೇಲೆ, ಸುತ್ತ ಬಯಲು, ಬಾಗಿಲುಗಳ ನೇರ: ಇಷ್ಟು ನೆನಪಿಟ್ಟರೆ ಸಾಕು.

ವೈಫೈ ಅಲೆಗಳಲ್ಲಿ ಮುಖ್ಯವಾಗಿ ಎರಡು ಬಗೆ. 2.4 ಗಿಗಾಹರ್ಟ್ಸ್ ಅಲೆ ದೂರ ಹೋಗುತ್ತದೆ, ಗೋಡೆಯನ್ನೂ ಸ್ವಲ್ಪ ದಾಟುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ಅಲೆಗೆ ವೇಗ ಹೆಚ್ಚು. ಗೋಡೆ ಎದುರಾದರೆ ಬೇಗ ಸೋಲುತ್ತದೆ. ರೂಟರು ಇರುವ ಕೋಣೆಯಲ್ಲಿ ಎರಡನೆಯದನ್ನು, ದೂರದ ಕೋಣೆಯಲ್ಲಿ ಮೊದಲನೆಯದನ್ನು ಬಳಸುವುದು ವಿವೇಕ. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರೆ ಯಾವುದು ಯಾವುದೆಂದು ಮನೆಯವರಿಗೆ ತಿಳಿಯುತ್ತದೆ.

ದೂರದ ಕೋಣೆಗೆ, ಆಚೆ ಕಟ್ಟಡಕ್ಕೆ

ಒಂದು ಪೆಟ್ಟಿಗೆ ಇಡೀ ಮನೆಗೆ ಸಾಲದಾದಾಗ ಅಂಗಡಿಯವರು ರಿಪೀಟರ್ ಎಂಬ ಸಣ್ಣ ಯಂತ್ರವನ್ನು ತೋರಿಸುತ್ತಾರೆ. ಅದು ಗಾಳಿಯಲ್ಲಿ ಬಂದದ್ದನ್ನು ಗಾಳಿಯಲ್ಲೇ ಮುಂದಕ್ಕೆ ಕಳಿಸುವ ಯಂತ್ರ. ಒಂದೇ ಅಲೆಯಲ್ಲಿ ಕೇಳುವುದು, ಹೇಳುವುದು ಎರಡನ್ನೂ ಮಾಡುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಸಿಗ್ನಲ್ಲೇ ಇಲ್ಲದ ಕೋಣೆಯಲ್ಲಿ ಅದನ್ನಿಟ್ಟರೆ ಅದಕ್ಕೂ ಹೇಳಲು ಏನೂ ಇರುವುದಿಲ್ಲ.

ಇದಕ್ಕಿಂತ ಉತ್ತಮ ದಾರಿಯೆಂದರೆ ಎರಡನೆಯ ರೂಟರಿಗೆ ತಂತಿಯಲ್ಲೇ ಸಂಪರ್ಕ ಕೊಟ್ಟು, ಅದನ್ನು ಆಕ್ಸೆಸ್ ಪಾಯಿಂಟ್ ಎಂಬ ಕ್ರಮಕ್ಕೆ ತಿರುಗಿಸುವುದು. ಮನೆಯಲ್ಲಿ ಬಿದ್ದಿರುವ ಹಳೆಯ ರೂಟರೂ ಆದೀತು. ಹಾಗೆ ತಿರುಗಿಸದೆ ಎರಡನ್ನೂ ಪೂರ್ಣ ರೂಟರಾಗಿಯೇ ಬಿಟ್ಟರೆ ಒಂದು ಮನೆಗೆ ಇಬ್ಬರು ಯಜಮಾನರಾದಂತೆ. ಎರಡಕ್ಕೂ 192.168.1.1 ಎಂಬ ಒಂದೇ ವಿಳಾಸವಿದ್ದರೆ ಗೊಂದಲ ಹೆಚ್ಚುತ್ತದೆ. ಹೊರಗಿನಿಂದ ಕ್ಯಾಮರಾ ನೋಡುವುದೂ ಕಷ್ಟವಾಗುತ್ತದೆ. ವಿಳಾಸ ಹಂಚುವ ಅಧಿಕಾರ ಒಂದೇ ಪೆಟ್ಟಿಗೆಗೆ ಇರಲಿ.

ಆಚೆ ಕಟ್ಟಡ ನೂರು ಮೀಟರಿಗಿಂತ ದೂರವಿದ್ದರೆ ಲ್ಯಾನ್ ಕೇಬಲ್ಲಿನ ಆಸೆ ಬಿಡಬೇಕು. ಅಲ್ಲಿಗೆ ಫೈಬರನ್ನೇ ಎಳೆದು ಎರಡು ತುದಿಗೂ ಮೀಡಿಯಾ ಕನ್ವರ್ಟರ್ ಎಂಬ ಪೆಟ್ಟಿಗೆ ಇಡಬಹುದು. ನಡುವೆ ಮರಗಳಿಲ್ಲದೆ ನೇರ ನೋಟವಿದ್ದರೆ ಎದುರು ಬದುರು ಆಂಟೆನಾ ಇಡಬಹುದು. ಕಬ್ಬು ಕಟಾವಾದ ಜಮಖಂಡಿಯ ಬಯಲಿನಲ್ಲಿ ಎರಡನೆಯದು ಸುಲಭ. ನಮ್ಮ ತೋಟಗಳಲ್ಲಿ ಅಡಿಕೆ ಮರಗಳೂ ಕಾಫಿಯ ನೆರಳು ಮರಗಳೂ ಅಲೆಯನ್ನು ಹೀರಿಕೊಳ್ಳುವುದರಿಂದ ಮೊದಲನೆಯದೇ ಭರವಸೆಯದು.

ಬೀಗವಿಲ್ಲದ ಬಾಗಿಲು

ಆಲಮಟ್ಟಿಯ ಹಿನ್ನೀರಿನಿಂದ ಬೀಳಗಿ ತಾಲೂಕಿನ ಅನೇಕ ಊರುಗಳು ಎದ್ದು ಪುನರ್ವಸತಿ ಕೇಂದ್ರಗಳಿಗೆ ಬಂದಿವೆ. ಅಲ್ಲಿ ಮನೆಗಳು ಸಾಲಾಗಿವೆ. ಇಂಥ ಸಾಲುಮನೆಗಳಲ್ಲಿ ತೊಡಕು ಬೇರೆ ಬಗೆಯದು. ಪ್ರತಿ ಮನೆಯ ರೂಟರೂ ಒಂದೇ ದಾರಿಯಲ್ಲಿ ಮಾತಾಡಹೊರಟರೆ ಸಂತೆಯ ಗದ್ದಲವಾಗುತ್ತದೆ. 2.4 ಗಿಗಾಹರ್ಟ್ಸಿನಲ್ಲಿ 1, 6, 11 ಎಂಬ ಮೂರು ಚಾನೆಲುಗಳು ಮಾತ್ರ ಒಂದರ ಮೇಲೊಂದು ಬೀಳದೆ ನಡೆಯುತ್ತವೆ. ಅಕ್ಕಪಕ್ಕದವರು ಮಾತಾಡಿಕೊಂಡು ಇವನ್ನು ಹಂಚಿಕೊಂಡರೆ ಎಲ್ಲರಿಗೂ ಸುಖ. ಎಸ್ಟೇಟಿನ ಲೈನುಮನೆಗಳಿಗೂ ಪೇಟೆಯಲ್ಲಿರುವ ನಮ್ಮ ಸದಸ್ಯರಿಗೂ ಈ ಮಾತು ಅನ್ವಯಿಸುತ್ತದೆ.

ಸಾಲುಮನೆಯಲ್ಲಿ ಇನ್ನೊಂದು ಸಂಗತಿ ಬೇಗ ಬೆಳಕಿಗೆ ಬರುತ್ತದೆ. ಗುಪ್ತಪದ ಕೇರಿಗೆಲ್ಲ ಗೊತ್ತಿರುತ್ತದೆ! ಹಾಕಿದವರು ಯಜಮಾನರ ಫೋನ್ ನಂಬರನ್ನೇ ಗುಪ್ತಪದವಾಗಿ ಇಟ್ಟುಹೋಗಿರುತ್ತಾರೆ. ನೆರೆಯವರಿಗೆ ನೀರು ಕೊಡುವುದು ಧರ್ಮ. ಇದೂ ಹಾಗೆಯೇ ಎಂದು ಕೆಲವರು ತಿಳಿಯುತ್ತಾರೆ. ಆದರೆ ನಿಮ್ಮ ಲೈನಿನಿಂದ ಯಾರಾದರೂ ಮೋಸ ಮಾಡಿದರೆ ವಿಚಾರಣೆ ಮೊದಲು ಬರುವುದು ಲೈನು ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಬ್ಯಾಂಕಿನ ವ್ಯವಹಾರವೂ ಅದೇ ದಾರಿಯಲ್ಲಿ ನಡೆಯುತ್ತದೆಂಬುದನ್ನು ಮರೆಯಬಾರದು.

ಆದುದರಿಂದ ರೂಟರು ಬಂದ ದಿನವೇ ಮಾಡಬೇಕಾದ ಕೆಲಸಗಳಿವೆ. ಪೆಟ್ಟಿಗೆಯ ಅಡಿಯಲ್ಲಿ ಅಂಟಿಸಿದ ಚೀಟಿಯಲ್ಲಿ 192.168.1.1 ಅಥವಾ 192.168.0.1 ಎಂಬಂಥ ವಿಳಾಸವಿರುತ್ತದೆ. ಮನೆಯ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಅದನ್ನು ತೆರೆದರೆ ರೂಟರಿನ ಒಳಮನೆ ಕಾಣುತ್ತದೆ. ಅಲ್ಲಿಗೆ ಹೋಗುವ ಕೀಲಿ ಬೇರೆ, ವೈಫೈ ಕೀಲಿ ಬೇರೆ, ಎರಡನ್ನೂ ಬದಲಾಯಿಸಿ. ವೈಫೈ ಗುಪ್ತಪದ ಎಂಟು ಅಕ್ಷರಕ್ಕಿಂತ ಕಡಿಮೆ ಇರುವಂತಿಲ್ಲ; ಹನ್ನೆರಡರ ಮೇಲಿದ್ದರೆ ಒಳ್ಳೆಯದು. ಭದ್ರತೆಯ ಬಗೆ ಡಬ್ಲ್ಯು.ಪಿ.ಎ.2 ಅಥವಾ ಡಬ್ಲ್ಯು.ಪಿ.ಎ.3 ಇರಲಿ. ಡಬ್ಲ್ಯು.ಪಿ.ಎಸ್. ಎಂಬ ಸುಲಭ ದಾರಿಯನ್ನು ಮುಚ್ಚಿರಿ. ಬಂದ ನೆಂಟರಿಗೆ, ಕೆಲಸದವರಿಗೆ ಕೊಡಲು ಅತಿಥಿ ವೈಫೈ ಎಂದು ಬೇರೆಯದೇ ಹೆಸರು ಮಾಡಿಡಬಹುದು. ಹೊರಗೆ ಜಗಲಿಯಲ್ಲಿ ಕೂಡಿಸಿ ಕಾಫಿ ಕೊಟ್ಟಂತೆ. ಉಪಚಾರಕ್ಕೂ ಕೊರತೆಯಿಲ್ಲ, ಒಳಕೋಣೆಯ ಕೀಲಿಯೂ ಕೊಟ್ಟಂತಾಗಲಿಲ್ಲ. ಕೀಲಿಗಳನ್ನು ವಹಿಯಲ್ಲಿ ಬರೆದಿಡಿ. ಗೋಡೆಯ ಮೇಲೆ ಬರೆಯಬೇಡಿ.

ಸಿಡಿಲು, ಕರೆಂಟು, ಇಲಿ, ಧೂಳು

ಬಯಲುಸೀಮೆಯವರಿಗೆ ಮುಖ್ಯ ಶತ್ರು ಧೂಳು. ಮಗ್ಗದ ಮನೆಯಲ್ಲಿ ಅದರೊಡನೆ ಹತ್ತಿಯ ನವಿರು ಬೇರೆ. ಅದು ಪೆಟ್ಟಿಗೆಯ ಗಾಳಿಕಂಡಿಗಳನ್ನು ಮುಚ್ಚಿ ಒಳಗೆ ಬಿಸಿ ಏರಿಸುತ್ತದೆ. ನಮಗೆ ಮುಖ್ಯ ಶತ್ರು ಸಿಡಿಲು. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲವಾದ್ದರಿಂದ ಹಳೆಯ ಟೆಲಿಫೋನ್ ತಂತಿಗಿಂತ ಕ್ಷೇಮ. ಆದರೆ ಕಂಬದಿಂದ ಮನೆಗೆ ಎಳೆಯುವ ಫೈಬರಿನ ಜೊತೆ ಭಾರ ಹೊರಲು ಉಕ್ಕಿನ ಎಳೆಯೊಂದು ಇರುವುದುಂಟು. ಅದನ್ನು ಮನೆಯ ಹೊರಗೇ ನಿಲ್ಲಿಸಲು ಹೇಳಿ, ಗಾಜಿನ ಎಳೆಯಷ್ಟೇ ಒಳಗೆ ಬರಲಿ. ಸಿಡಿಲು ಹೆಚ್ಚಾಗಿ ಬರುವ ದಾರಿ ಕರೆಂಟಿನದು. ಗುಡುಗು ಕೇಳಿಸಿದೊಡನೆ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಆಚೆ ಕಟ್ಟಡಕ್ಕೆ ತಾಮ್ರದ ಲ್ಯಾನ್ ಕೇಬಲ್ ಹಾಕಿದ್ದರೆ ಅದನ್ನೂ ರೂಟರಿನಿಂದ ಬೇರ್ಪಡಿಸಬೇಕು. ಗುಡುಗು ತಲೆಯ ಮೇಲೆಯೇ ಇದ್ದಾಗ ತಂತಿ ಮುಟ್ಟಲು ಹೋಗುವುದು ಅಪಾಯ. ಮೋಡ ಕಟ್ಟುವಾಗಲೇ ಮಾಡಿಬಿಡಬೇಕು.

ಕಂಬದ ಮೇಲೆ ಒಂದು ಎಳೆಯನ್ನು ಹಲವು ಮನೆಗಳಿಗೆ ಕವಲೊಡೆಸುವ ಪೆಟ್ಟಿಗೆಗೆ ಕರೆಂಟು ಬೇಕಿಲ್ಲ. ಆದಕಾರಣ ಊರಿನಲ್ಲಿ ಕರೆಂಟು ಹೋದಾಗಲೂ, ಆಚೆ ತುದಿಯ ಕಚೇರಿಯಲ್ಲಿ ಬದಲಿ ವ್ಯವಸ್ಥೆಯಿದ್ದರೆ, ನಿಮ್ಮ ಪೆಟ್ಟಿಗೆಗೆ ಒಂದಿಷ್ಟು ಬ್ಯಾಟರಿ ಸಿಕ್ಕರೆ ಸಾಕು, ಇಂಟರ್ನೆಟ್ಟು ನಡೆಯುತ್ತದೆ. ಇದಕ್ಕೆಂದೇ ಸಣ್ಣ ಯು.ಪಿ.ಎಸ್.ಗಳು ದೊರೆಯುತ್ತವೆ. ಕೊಳ್ಳುವಾಗ ರೂಟರಿನ ಚೀಟಿಯಲ್ಲಿರುವ ವೋಲ್ಟೇಜು ಅದಕ್ಕೆ ಸರಿಹೊಂದಬೇಕು. 12 ವೋಲ್ಟಿನದಕ್ಕೆ 12 ವೋಲ್ಟೇ. ಆಂಪಿಯರ್ ಅಷ್ಟೇ ಇರಬೇಕು ಅಥವಾ ಹೆಚ್ಚಿರಬೇಕು. ರೂಟರು ರಾತ್ರಿ ಹಗಲು ಉರಿದರೆ ಕರೆಂಟು ಬಿಲ್ಲು ಏರೀತೆಂಬ ಭಯ ಕೆಲವರಿಗಿದೆ. ಹತ್ತು ವಾಟಿನ ಪೆಟ್ಟಿಗೆ ತಿಂಗಳಿಗೆ ತಿನ್ನುವುದು ಏಳು ಯೂನಿಟ್ಟಿನಷ್ಟು ಮಾತ್ರ.

ಇಲಿ, ಅಳಿಲುಗಳು ಎಳೆಯನ್ನು ಕಡಿಯುತ್ತವೆ. ಅಟ್ಟದ ಮೇಲೆ ಹಾಯುವ ಕಡೆ ಪಿ.ವಿ.ಸಿ. ಪೈಪಿನೊಳಗೆ ಹಾಯಿಸುವುದು ಮೇಲು. ಅಡಿಕೆ ಒಣಗಿಸುವ ಹೊಗೆ ಗೂಡಿನ ಬಳಿ, ತೇವದ ಗೋಡೆಗೆ ತಾಗಿ ಪೆಟ್ಟಿಗೆ ಇಡಬಾರದು.

ದೂರು ಕೊಡುವ ಮೊದಲು ಮೂರು ಪರೀಕ್ಷೆ

ವೇಗ ಕಡಿಮೆಯೆಂದು ಕಂಪನಿಗೆ ಫೋನು ಮಾಡಿದರೆ ನಿಮ್ಮ ವೈಫೈ ಸರಿಯಿಲ್ಲ ಎನ್ನುತ್ತಾರೆ. ಅಂಗಡಿಯವರನ್ನು ಕೇಳಿದರೆ ಹೊಸ ರೂಟರು ಕೊಳ್ಳಿ ಎನ್ನುತ್ತಾರೆ. ಇಬ್ಬರ ನಡುವೆ ಬೆಳೆಗಾರನ ಹಣ ಹೋಗಬಾರದು. ಅದಕ್ಕೆ ಈ ಮೂರು ಪರೀಕ್ಷೆಗಳನ್ನು ಇದೇ ಕ್ರಮದಲ್ಲಿ ಮಾಡಿ ವಹಿಯಲ್ಲಿ ಬರೆಯಿರಿ.

1. ಕಂಪ್ಯೂಟರನ್ನು ತಂತಿಯಿಂದ ರೂಟರಿಗೆ ಜೋಡಿಸಿ ವೇಗ ನೋಡಿ. ಕರಾರಿನ ವೇಗದ ಹತ್ತಿರ ಬಾರದಿದ್ದರೆ ಮೊದಲು ಆ ಕೇಬಲ್ ಬದಲಿಸಿ ನೋಡಿ. ಆಗಲೂ ಬಾರದಿದ್ದರೆ ಕಂಪನಿಗೆ ದೂರು ಕೊಡಿ.

2. ಅದು ಸರಿಯಿದ್ದರೆ ಫೋನು ಹಿಡಿದು ರೂಟರಿನಿಂದ ಎರಡು ಮಾರು ದೂರ ನಿಂತು ವೈಫೈಯಲ್ಲಿ ನೋಡಿ. ಇಲ್ಲಿ ಬಹಳ ಕಡಿಮೆಯಾದರೆ ದೋಷ ರೂಟರಿನದು, ಫೋನಿನದು ಅಥವಾ ಚಾನೆಲಿನದು.

3. ಅದೂ ಸರಿಯಿದ್ದರೆ ಒಳಕೋಣೆಗೆ ಹೋಗಿ ನೋಡಿ. ಇಲ್ಲಿ ಮಾತ್ರ ಇಳಿದರೆ ದೋಷ ಗೋಡೆಯದು. ಪೆಟ್ಟಿಗೆಯ ಜಾಗ ಬದಲಿಸಿ, ಇಲ್ಲವೆ ತಂತಿ ಎಳೆಯಿರಿ. ಹೆಚ್ಚಿನ ವೇಗದ ಯೋಜನೆಗೆ ಹಣ ಕಟ್ಟಬೇಡಿ. ಗೋಡೆಗೆ ಅದು ತಿಳಿಯುವುದಿಲ್ಲ.

ಲೆಕ್ಕ ಹಾಕುವಾಗ ಒಂದು ವ್ಯತ್ಯಾಸ ಗಮನಿಸಿ. ಕಂಪನಿಯವರು ಹೇಳುವುದು ಮೆಗಾಬಿಟ್. ಕಡತದ ಗಾತ್ರ ತೋರಿಸುವುದು ಮೆಗಾಬೈಟ್. ಎಂಟು ಬಿಟ್ಟಿಗೆ ಒಂದು ಬೈಟು. 40 ಮೆಗಾಬಿಟ್ಟಿನ ಲೈನಿನಲ್ಲಿ ಸೆಕೆಂಡಿಗೆ 5 ಮೆಗಾಬೈಟ್ ಇಳಿದರೆ ಮೋಸವೇನೂ ಆಗಿಲ್ಲ. ಬ್ರಾಡ್‌ಬ್ಯಾಂಡ್ ಎಂದು ಕರೆಯಿಸಿಕೊಳ್ಳಲು ಕನಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್ ಇರಬೇಕೆಂದು ಕೇಂದ್ರದ ದೂರಸಂಪರ್ಕ ಇಲಾಖೆ 2023ರಲ್ಲಿ ಗೊತ್ತುಪಡಿಸಿದೆ. ಅದಕ್ಕೂ ಮೊದಲು ಇದ್ದದ್ದು 512 ಕಿಲೋಬಿಟ್. ಸಣ್ಣ ಹಿಡುವಳಿಯ ಮನೆಗೆ, ತಂತಿ ಸರಿಯಾಗಿ ಹಂಚಿದ್ದರೆ, ಸಾಧಾರಣ ಯೋಜನೆಯೇ ಧಾರಾಳ.

ಬನಹಟ್ಟಿಯ ಆ ನೇಕಾರರ ಓಣಿಯಲ್ಲಿ ಈಗ ಯಾರ ಮನೆಗೆ ಹೊಸ ಲೈನು ಬಂದರೂ ತಂತಿಗೆ ತುದಿ ಕಟ್ಟುವ ಇಕ್ಕಳ ಒಂದೇ. ಅದು ಮನೆಯಿಂದ ಮನೆಗೆ ಹೋಗುತ್ತದೆ. ನಮ್ಮಲ್ಲಿಯೂ ಪ್ರತಿ ಊರಿನ ಸದಸ್ಯರು ಕೂಡಿ ಒಂದು ಇಕ್ಕಳ, ಒಂದು ತಂತಿ ಪರೀಕ್ಷಿಸುವ ಯಂತ್ರ, ಒಂದು ಸುರುಳಿ ಕ್ಯಾಟ್ 6 ತಂತಿ ಇಟ್ಟುಕೊಂಡರೆ ಒಬ್ಬೊಬ್ಬರಿಗೆ ತಗಲುವ ಖರ್ಚು ಅಲ್ಪ. ದೋಟಿಯನ್ನೂ ಸ್ಪ್ರೇಯರನ್ನೂ ಹಂಚಿಕೊಂಡು ಬಾಳಿದವರಿಗೆ ಇದು ಹೊಸದೇನೂ ಅಲ್ಲ. ಕಾಲೇಜು ಓದುವ ಒಬ್ಬ ಹುಡುಗನೋ ಹುಡುಗಿಯೋ ತುದಿ ಕಟ್ಟುವುದನ್ನು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಮುಂಬರುವ ಮಳೆಗಾಲಕ್ಕೆ ಮೊದಲು ಬೆಳೆಗಾರ ಬಂಧುಗಳು ತಮ್ಮ ಪೆಟ್ಟಿಗೆಯ ಜಾಗ, ಕೀಲಿ, ಪ್ಲಗ್ಗು ಈ ಮೂರನ್ನೂ ಒಮ್ಮೆ ಪರೀಕ್ಷಿಸಿಕೊಳ್ಳುವರೆಂದು ನಂಬಿದ್ದೇವೆ.